ಡಯೋಜಿನೀಸ್‌ನ ಇನ್ನೊಂದ್ಸಲ ಗಡಿಪಾರು ಮಾಡ್ಬೇಕಂತೆ

ಟರ್ಕಿಯಲ್ಲಿ ಕಪ್ಪು ಸಮುದ್ರದ ದಡದಲ್ಲಿ ಸಿನೋಪ್ ಅಂತ ಒಂದೂರಿದೆ. ಊರೊಳಗೆ ಹೋಗೋ ದಾರೀಲೇ ಒಬ್ಬ ಗಡ್ಡದ ಮುದುಕ ಪೀಪಾಯಿ ಮೇಲೆ ನಿಂತು ಲಾಟೀನು ಹಿಡ್ಕೊಂಡಿದಾನೆ, ಪಕ್ಕದಲ್ಲಿ ಒಂದು ನಾಯಿ. ಡಯೋಜಿನೀಸ್ ಅಂತ, ಅಲ್ಲೇ ಹುಟ್ಟಿದ ಗ್ರೀಕ್ ತತ್ವಜ್ಞಾನಿ. ಪ್ರತಿಮೆ ನಿಲ್ಲಿಸಿದ್ದು 2006ರಲ್ಲಿ. 2017ಕ್ಕೆ ಒಂದಷ್ಟು ಜನ ಸೇರ್ಕೊಂಡು ನಮ್ಮೂರ ಬಾಗಿಲಿಗೆ ಗ್ರೀಕ್ ಹಣೆಪಟ್ಟಿ ಯಾಕೆ, ಎತ್ತಿ ಇದನ್ನ ಇಲ್ಲಿಂದ ಅಂತ ಗಲಾಟೆ ಶುರು ಮಾಡಿದ್ರು. ಪಾಪ, ಸ್ವಲ್ಪ ಲೇಟು. ಇದೇ ಊರು ಇದೇ ಮನುಷ್ಯನ್ನ ಕ್ರಿ.ಪೂ. 4ನೇ ಶತಮಾನದಲ್ಲೇ ಓಡಿಸಿ ಆಗಿತ್ತು.

ಆಗಿನ ಕೇಸು ಗ್ರೀಕ್ ಸಿದ್ಧಾಂತದ್ದಲ್ಲ, ದುಡ್ಡಿಂದು. ಅಪ್ಪ ಹಿಕೇಸಿಯಾಸ್ ಹಣಕಾಸು ವ್ಯವಹಾರ ನೋಡ್ಕೊಳ್ತಿದ್ದ, ಊರಿನ ನಾಣ್ಯ ಕೆಡಿಸಿದ್ರು ಅಂತ ಆರೋಪ ಬಂತು. ಅಪ್ಪ ಮಾಡಿದ್ನೋ ಮಗ ಮಾಡಿದ್ನೋ, ಹಳೇ ಕಥೆಗಳಲ್ಲೇ ಒಮ್ಮತ ಇಲ್ಲ, ಆದ್ರೆ ಉಳಿಯಿಂದ ಹೊಡೆದು ಗಾಯ ಮಾಡಿರೋ ಸಿನೋಪಿನ ನಾಣ್ಯಗಳಂತೂ ನಿಜವಾಗ್ಲೂ ಸಿಕ್ಕಿವೆ. ಮುಂದೆ ಯಾರೋ ನಿನ್ನ ಊರಿಂದ ಹಾಕಿದ್ರಲ್ಲಪ್ಪಾ ಅಂತ ಚುಚ್ಚಿದ್ದಕ್ಕೆ, ಅವರು ನಂಗೆ ಊರು ಬಿಡೋ ಶಿಕ್ಷೆ ಕೊಟ್ರು, ನಾನು ಅವರಿಗೆ ಊರಲ್ಲೇ ಇರೋ ಶಿಕ್ಷೆ ಕೊಟ್ಟೆ ಅಂದನಂತೆ. 2017ರ ಗಲಾಟೆ ನೋಡಿದ್ರೆ ಆ ಶಿಕ್ಷೆ ಇನ್ನೂ ಮುಗಿದಂಗಿಲ್ಲ.

ಹಂಗಂತ ಪ್ರತಿಮೆ ನಿಲ್ಲಿಸಿದವರು ಭಾರೀ ಜಾಣರು ಅಂತ ನಾನೇನೂ ಹೇಳ್ತಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು, ಅಷ್ಟೇ. ಈ ಮನುಷ್ಯ ಅಥೆನ್ಸಲ್ಲಿ ಮಣ್ಣಿನ ದೊಡ್ಡ ಜಾಡಿಯೊಳಗೆ ಮಲಗ್ತಿದ್ದೋನು (ಮರದ ಪೀಪಾಯಿ ಎಲ್ಲಾ ಆಮೇಲೆ ಚಿತ್ರ ಬರೆಯೋರು ತಂದುಕೊಟ್ಟಿದ್ದು), ಅದನ್ನ ಒಬ್ಬ ಹುಡುಗ ಒಡೆದುಹಾಕಿದಾಗ ಅಥೆನ್ಸಿನೋರು ಹುಡುಗನಿಗೆ ನಾಲ್ಕು ಬಾರಿಸಿ ಇವನಿಗೆ ಹೊಸ ಜಾಡಿ ಕೊಡಿಸಿದ್ರಂತೆ. ಬದುಕಿದ್ದಾಗ ಸಿಕ್ಕ ಸರ್ಕಾರಿ ಸೌಲಭ್ಯ ಅಂದ್ರೆ ಅದೊಂದೇ ಇರ್ಬೇಕು. ಮತ್ತೆ ಅವನು ಪ್ರತಿಮೆಗಳ ಮುಂದೆ ಕೈ ಚಾಚಿ ಭಿಕ್ಷೆ ಬೇಡ್ತಿದ್ದ! ಯಾಕಯ್ಯಾ ಅಂದ್ರೆ ಇಲ್ಲ ಅನ್ನಿಸ್ಕೊಳ್ಳೋಕೆ ಪ್ರಾಕ್ಟೀಸು ಮಾಡ್ತಿದೀನಿ ಅಂತಿದ್ದ. ಅಂಥವನ್ನೇ ಹಿಡ್ಕೊಂಡು ಪ್ರತಿಮೆ ಮಾಡಿಬಿಟ್ರಲ್ಲ, ಈಗ ಅವನ ಮುಂದೆ ಯಾರಾದ್ರೂ ಕೈ ಚಾಚಿದ್ರೆ ಅವನೂ ಏನೂ ಕೊಡಲ್ಲ. ಬಿಸಿಲಿಗೆ ಅಡ್ಡ ನಿಂತ್ಕೋಬೇಡ ಅಂತ ಅಲೆಕ್ಸಾಂಡರಿಗೇ ಹೇಳಿದ ಮನುಷ್ಯ, ಸೆಲ್ಫಿಗೆ ಬಂದೋರಿಗೆ ಅದನ್ನೂ ಹೇಳೋ ಹಂಗಿಲ್ಲ.

ಅವನು ಕೊನೆಗಾಲ ಕಳೆದ ಗ್ರೀಕ್ ಊರು ಕೊರಿಂತ್‌ನೋರೂ ಕಮ್ಮಿ ಇಲ್ಲ. ಸತ್ತಮೇಲೆ ನನ್ನ ಹೂಳಬೇಡಿ, ಆಚೆ ಎಸೀರಿ, ಪ್ರಾಣಿಗಳು ತಿನ್ಲಿ ಅಂದಿದ್ದ. ಪ್ರಾಣಿ ಬಂದ್ರೇನು ಮಾಡ್ತೀಯ ಅಂದ್ರೆ ಪಕ್ಕದಲ್ಲೊಂದು ಕೋಲಿಡಿ, ಓಡಿಸ್ತೀನಿ. ಸತ್ತೋನಿಗೆ ಹೆಂಗೆ ಗೊತ್ತಾಗುತ್ತೆ ಅಂದ್ರೆ, ಗೊತ್ತಾಗಲ್ಲ ಅಂದ್ಮೇಲೆ ತಿಂದ್ರೆ ನಂಗೇನು. ಇಷ್ಟು ಬಿಡಿಸಿ ಹೇಳಿದ್ರೂ ಕ್ರಿ.ಪೂ. 323ರ ಹೊತ್ತಿಗೆ ಅವನು ತೀರ್ಕೊಂಡಾಗ ಸಮಾಧಿ ಕಟ್ಟಿ, ಕಂಬ ನೆಟ್ಟು, ಮೇಲೆ ಅಮೃತಶಿಲೆಯ ನಾಯಿ ಕೂರಿಸಿದ್ರು ಅಂತ ಕಥೆ. ಅದಕ್ಕೂ ಮೊದ್ಲು ಯಾರು ಹೂಳ್ಬೇಕು ಅಂತ ಶಿಷ್ಯರ ಮಧ್ಯೆ ಜಗಳ ಬೇರೆ.

ಆದ್ರೆ ಎಲ್ಲಕ್ಕಿಂತ ಮಜಾ ಕೊಟ್ಟೋರು ಡಾಕ್ಟರುಗಳು. ವಯಸ್ಸಾದೋರು ತಮ್ಮ ಮೈಕೈ ನೋಡ್ಕೊಳ್ದೆ ಮನೆ ತುಂಬಾ ಕಸ ಪೇರಿಸ್ಕೊಂಡು ಒಂದು ಡಬ್ಬಾನೂ ಬಿಸಾಕದೆ ಇರ್ತಾರಲ್ಲ, ಆ ಸ್ಥಿತಿಗೆ 1975ರಲ್ಲಿ ಬ್ರಿಟನ್ ಡಾಕ್ಟರುಗಳು ಡಯೋಜಿನೀಸ್ ಸಿಂಡ್ರೋಮ್ ಅಂತ ಹೆಸರಿಟ್ರು. ಮಗು ಒಂದು ಬೊಗಸೇಲಿ ನೀರು ಕುಡಿಯೋದ್ ನೋಡಿ, ನಂಗಿಂತ ಇದೇ ವಾಸಿ ಅಂತ ಇದ್ದೊಂದು ಬಟ್ಟಲನ್ನೂ ಎಸೆದವನ ಹೆಸರನ್ನ! ಮಾನನಷ್ಟ ಮೊಕದ್ದಮೆ ಹಾಕೋಣ ಅಂದ್ರೆ ವಾರಸುದಾರರಿಲ್ಲ, ಇದ್ದಿದ್ರೂ ಕೋರ್ಟ್ ಫೀ ಯಾವ ನಾಣ್ಯದಲ್ಲಿ ಕಟ್ಟೋದು, ಉಳಿ ಏಟು ಬಿದ್ದಿರೋದನ್ನ ಗುಮಾಸ್ತ ಮುಟ್ಟೋದೂ ಇಲ್ಲ.