ಲಾಡ್ಜಿನ ಯಜಮಾನರು ಯಾರು?

ಬಸ್‌ಸ್ಟ್ಯಾಂಡಿನ ಎದುರು ಹಳೇ ಲಾಡ್ಜು ಇರುವ ಯಾವ ಊರಿಗೇ ಹೋಗಿ, ‘ಅದು ನಮ್ಮ ತಾತಂದಾಗಿತ್ತು’ ಎನ್ನುವ ಮನೆಗಳು ನಾಲ್ಕಾದರೂ ಸಿಗುತ್ತವೆ. ಕಾಗದ ಕೇಳಿದರೆ ಮುಖ ಸಿಂಡರಿಸಿ, ‘ಕಾಗದ ಯಾಕ್ರೀ, ಊರಿಗೇ ಗೊತ್ತು’ ಅನ್ನುತ್ತಾರೆ. ಊರಿಗೆ ಗೊತ್ತಿರುವುದು ಗಲ್ಲಾದಲ್ಲಿ ಯಾರು ಕೂತಿದ್ದರು ಎಂಬುದಷ್ಟೆ. ಕಟ್ಟಡ ಒಬ್ಬರದು, ಬೋರ್ಡು ಇನ್ನೊಬ್ಬರದು, ಗಲ್ಲಾ ಮತ್ತೊಬ್ಬರದು. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗೆ ನೋಂದಣಿ ಕಡ್ಡಾಯವಲ್ಲ. ಹಾಗಾಗಿ 11 ತಿಂಗಳ ಕರಾರನ್ನೇ ಮತ್ತೆ ಮತ್ತೆ ಬರೆಸಿ ಮೂವತ್ತು ವರ್ಷ ಇಡ್ಲಿ ಬಡಿಸಿದವರ ಹೆಸರು ಸಬ್ ರಿಜಿಸ್ಟ್ರಾರ್ ಕಚೇರಿಯ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳನ್ನು ತಿಳಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿದರಾಯಿತಲ್ಲ ಎನ್ನಬಹುದು. 1-4-2004ರಿಂದೀಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಕಚೇರಿಯ ಸೂಚಿ ಪುಸ್ತಕಗಳನ್ನೇ ತಿರುವಿಸಬೇಕು. ಇ.ಸಿ. ಫಾರಂ 16ರಲ್ಲಿ ಬಂದರೆ ಆ ಅವಧಿಯಲ್ಲಿ ಯಾವ ವಹಿವಾಟೂ ನೋಂದಣಿಯಾಗಿಲ್ಲ ಎಂದಷ್ಟೇ ಅರ್ಥ, ಒಡೆತನ ಬದಲಾಗಿಲ್ಲ ಎಂದಲ್ಲ. ಅಜ್ಜ ತೀರಿಕೊಂಡು ಆಸ್ತಿ ಮಕ್ಕಳಿಗೆ ಬಂದದ್ದು, ಬಾಯಿಮಾತಿನ ಪಾಲು, ಟ್ರಂಕಿನ ತಳದ ವಿಲ್ಲು ಅಲ್ಲಿ ಕಾಣುವುದಿಲ್ಲ. ಖಾತೆಯೋ, ಕಂದಾಯ ಯಾರ ಹೆಸರಿನಲ್ಲಿದೆ ಎಂದು ಹೇಳಿ ಸುಮ್ಮನಾಗುತ್ತದೆ.

ಉಳಿದದ್ದು ಚಕ್ಕುಬಂದಿ, ಅಂದರೆ ಪತ್ರದಲ್ಲಿ ಬರೆಯುವ ನಾಲ್ಕು ದಿಕ್ಕಿನ ಗಡಿ. 1908ರ ನೋಂದಣಿ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪಟ್ಟಣದ ಮನೆಯನ್ನು ಯಾವ ಬೀದಿ, ಯಾವ ದಿಕ್ಕು, ಈಗ ಯಾರಿದ್ದಾರೆ, ಮೊದಲು ಯಾರಿದ್ದರು ಎಂದು ಬರೆದು ಗುರುತಿಸಬೇಕು. ಪತ್ರ ಬರೆಯುವವರು ಮೂಲಪತ್ರವನ್ನು ಮುಂದಿಟ್ಟುಕೊಂಡು ‘ಪಶ್ಚಿಮಕ್ಕೆ ಶೆಟ್ಟರ ಹಿತ್ತಿಲು’ ಎಂದು ಇಳಿಸುತ್ತಾರೆ. ಶೆಟ್ಟರು ಹಿತ್ತಿಲು ಮಾರಿ ಎರಡು ತಲೆಮಾರಾಗಿ ಅಲ್ಲೀಗ ಮೊಬೈಲ್ ಅಂಗಡಿ ಇದ್ದರೂ ಪತ್ರದಲ್ಲಿ ಹಿತ್ತಿಲೇ. ಪೂರ್ವದ ‘ಸರ್ಕಾರಿ ರಸ್ತೆ’ ಅಗಲವಾಗಿ ಜಗಲಿಯನ್ನು ನುಂಗಿದೆ, ಅಳತೆ ಮಾತ್ರ ಹಿಂದಿನದೇ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ನಂಬುತ್ತವೆ. ಇಲ್ಲದ ಹಿತ್ತಿಲಿಗೆ ಟೇಪಿಗಿಂತ ಹೆಚ್ಚು ತೂಕ!

ಬಲ್ಲವರು ಲಾಡ್ಜಿನ ಪತ್ರ ಬಿಟ್ಟು ಅಕ್ಕಪಕ್ಕದವರ ಪತ್ರಗಳ ನಕಲು ತೆಗೆಸುತ್ತಾರೆ. ಕ್ರಯಪತ್ರಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಪಕ್ಕದವರ ಪತ್ರಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಅವರ ಚಕ್ಕುಬಂದಿಯಲ್ಲಿ ಲಾಡ್ಜಿನ ಒಡೆಯರ ಹೆಸರು ಒಂದೊಂದಾಗಿ ಬರಬೇಕು. ಬರುವುದು ‘ಉತ್ತರಕ್ಕೆ ಭಟ್ಟರ ಹೋಟ್ಲು’. ಭಟ್ಟರು 11 ತಿಂಗಳ ಕರಾರಿನವರು.

ಇದನ್ನೂ ದಾಟಬಹುದು, ಆದರೆ ಅಣ್ಣತಮ್ಮಂದಿರ ಪಾಲುಪಟ್ಟಿ ದಾಟುವುದು ಕಷ್ಟ. ಕೆಳಗಿನ ಹೋಟೆಲು ಅಣ್ಣನಿಗೆ, ಮೇಲಿನ ರೂಮುಗಳು ತಮ್ಮನಿಗೆ. ಮೆಟ್ಟಿಲು ಯಾರಿಗೆ? ‘ಮೆಟ್ಟಿಲು ಇಬ್ಬರಿಗೂ ಜಂಟಿ’ ಎಂಬ ಒಂದು ಸಾಲು ಬಿಟ್ಟುಹೋದದ್ದಕ್ಕೆ ಮುಂದಿನ ತಲೆಮಾರು ಕೋರ್ಟಿಗೆ ಅಲೆಯುತ್ತದೆ. ಆಸ್ತಿಯ ಜೊತೆ ಬರುವ ಎಂಟು ಹಕ್ಕುಗಳ ಹಳೇ ಪಟ್ಟಿಯನ್ನು – ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ – ಮಾತ್ರ ಒಂದಕ್ಷರ ತಪ್ಪದೆ ಬರೆದಿರುತ್ತಾರೆ.