ಐ5ಆ ಐ7ಆ ಅಂತ ಕೇಳಬೇಡಿ, ಪೂರ್ತಿ ನಂಬರ್ ಕೇಳಿ

ಕಾಲೇಜು ಶುರುವಾಗೋ ಹೊತ್ತಿಗೆ ನನಗೆ ಬರುವ ಫೋನೆಲ್ಲ ಒಂದೇ ಥರ. "ಮಗಳಿಗೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ನೋಡ್ತಿದ್ದೀವಿ, ಐ5 ತಗೊಳ್ಳೋದಾ ಐ7 ತಗೊಳ್ಳೋದಾ?" ಐ5, ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ, ಅಂದರೆ ಲ್ಯಾಪ್‌ಟಾಪ್‌ನ ಮಿದುಳಿನ, ಹೆಸರು. ಇಷ್ಟರಲ್ಲಿ ಏನೂ ಹೇಳೋಕಾಗಲ್ಲ. 2010ರ ಹೊತ್ತಿಗೇ ಲ್ಯಾಪ್‌ಟಾಪ್‌ಗಳಲ್ಲಿ ಐ7 ಬಂದಿತ್ತು. ಅದೂ ಐ7, ಹತ್ತು ವರ್ಷ ಕಳೆದು ಬಂದದ್ದೂ ಐ7.

ಅದರ ಮುಂದಿರುವ ನಂಬರ್ ನೋಡಿ, ಮೊದಲ ಅಂಕಿ ಅದು ಎಷ್ಟನೇ ಜನರೇಷನ್ (ತಲೆಮಾರು) ಅಂತ ಹೇಳುತ್ತೆ. ಐ7-7500ಯು ಅಂದರೆ ಏಳನೇ ಜನರೇಷನ್, ಐ5-8250ಯು ಅಂದರೆ ಎಂಟನೇದು. ಹೆಸರು ಕೇಳಿದರೆ ಐ7 ದೊಡ್ಡದು ಅನ್ನಿಸುತ್ತೆ, ಅಲ್ವಾ? ಆದರೆ ಅದರಲ್ಲಿರೋದು ಎರಡೇ ಕೋರ್, ಅಂದರೆ ಲೆಕ್ಕ ಮಾಡೋ ಘಟಕ. 2017ರಲ್ಲಿ ಬಂದ ಆ ಐ5ನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟೊಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಒಂದು ಕಡೆ ಆನ್‌ಲೈನ್ ಕ್ಲಾಸ್, ಇನ್ನೊಂದು ಕಡೆ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್, ಜೊತೆಗೆ ಕೋಡ್ ಎಡಿಟರ್ ತೆರೆದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಹಾಗಂತ ಎಂಟನೇ ಜನರೇಷನ್‌ನದೆಲ್ಲ ಒಂದೇ ಅಲ್ಲ, ಐ3-8130ಯು ತಗೊಂಡರೆ ಮತ್ತೆ ಎರಡೇ ಕೋರ್. ಹತ್ತು, ಹನ್ನೊಂದನೇ ಜನರೇಷನ್ ಆದರೆ ಮೊದಲ ಎರಡು ಅಂಕಿ ಓದಬೇಕು: 1135ಜಿ7 ಅಂದರೆ ಹನ್ನೊಂದು.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಕ್ಕನ ಮಗನ ಜೊತೆ ಒಂದು ಅಂಗಡಿಗೆ ಹೋಗಿದ್ದೆ. ಫಳಫಳ ಹೊಳೆಯೋ ಒಂದು ಲ್ಯಾಪ್‌ಟಾಪ್, ಮೇಲೆ ಐ7 ಸ್ಟಿಕರ್. ಹುಡುಗ ಅದನ್ನು ಬಿಟ್ಟು ಅಲ್ಲಾಡಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಒತ್ತಿದೆ. ಐ7-6600ಯು, ಕೋರ್ 2. ಪಕ್ಕದಲ್ಲೇ ಒಂದು ಥಿಂಕ್‌ಪ್ಯಾಡ್ ಟಿ480 ಇತ್ತು. ಯಾವುದೋ ಆಫೀಸಲ್ಲಿ ದುಡಿದು ಬಂದದ್ದು, ಅಂಗೈ ಇಡೋ ಜಾಗವೆಲ್ಲ ಸವೆದು ನುಣುಪಾಗಿತ್ತು. ಅದರಲ್ಲಿ ಐ5-8350ಯು, ಕೋರ್ 4. ರೇಟೂ ಕಮ್ಮಿ. ಅದನ್ನೇ ತಗೊಂಡೆವು.

ಎಂಟನೇ ಜನರೇಷನ್‌ನಿಂದ ಕೆಳಗೆ ಇಳಿಯಬೇಡಿ ಅಂತ ನಾನು ಹಟ ಹಿಡಿಯೋದಕ್ಕೆ ಇನ್ನೊಂದು ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಓಡಬಲ್ಲ ಪ್ರೊಸೆಸರ್‌ಗಳ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ, ಒಂದೆರಡು ಬಿಟ್ಟರೆ, ಎಂಟನೇ ಜನರೇಷನ್‌ನಿಂದಲೇ ಶುರು. ಆರನೇ, ಏಳನೇ ಜನರೇಷನ್‌ನವಕ್ಕೂ ಅಡ್ಡದಾರಿಯಲ್ಲಿ 11 ಹಾಕಿ ಮಾರ್ತಾರೆ. ಅಂಗಡಿಯಲ್ಲಿ ಚೆನ್ನಾಗೇ ಓಡುತ್ತೆ, ಆದರೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಗಿರಾಕಿಗೆ ಇದನ್ನು ಹೇಳದೆ ಮಾರೋದು ತಪ್ಪು. ವರ್ಷಗಟ್ಟಲೆ ಚೀಟಿ ಕಟ್ಟಿ ಕೂಡಿಟ್ಟ ದುಡ್ಡದು. ವಿಂಡೋಸ್ ಬದಲು ಲಿನಕ್ಸ್ ಬಳಸೋರಾದರೆ ಈ ಚಿಂತೆ ಇಲ್ಲ, ಹಳೆಯದೂ ನಡೆಯುತ್ತೆ.

ಇಂಟೆಲ್‌ನ ಪೈಪೋಟಿ ಕಂಪನಿ ಎಎಂಡಿ ಅಂದ ಕೂಡಲೇ ಮುಖ ತಿರುಗಿಸೋರು ಇನ್ನೂ ಇದ್ದಾರೆ. ಬೇಡ. ಅವರ ರೈಜನ್ 5 4500ಯುನಲ್ಲಿ ಆರು ಕೋರ್ ಇದೆ, ಒಳ್ಳೆ ರೇಟಿಗೆ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. 2500ಯು ಮಾತ್ರ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, 3500ಯು ಇದೆ.

"ಹಳೇದು ಯಾಕೆ, ಅದೇ ದುಡ್ಡಿಗೆ ಹೊಸದೇ ಬರುತ್ತಲ್ಲ" ಅಂತ ಇಂಟೆಲ್‌ನದೇ ಅಗ್ಗದ ಪ್ರೊಸೆಸರ್ ಸೆಲೆರಾನ್ ಎನ್4020 ಇರೋದನ್ನು ತೋರಿಸ್ತಾರೆ. ಎರಡು ಕೋರ್, ಎರಡೇ ಥ್ರೆಡ್. ಡಬ್ಬಿ, ವಾರಂಟಿ ಎಲ್ಲ ಹೊಸದು ನಿಜ, ಆದರೆ ಓದೋ ಮಕ್ಕಳಿಗೆ ಅದನ್ನು ಕೊಡಿಸಬೇಡಿ.

ಇನ್ನು, ಐ5ರಿಂದ ಐ7ಗೆ ಹೋಗೋಕೆ ಜಾಸ್ತಿ ದುಡ್ಡು ಕೇಳಿದರೆ ಆ ದುಡ್ಡನ್ನು ಎಸ್‌ಎಸ್‌ಡಿಗೆ (ವೇಗದ ಸ್ಟೋರೇಜ್), ರ‍್ಯಾಮ್‌ಗೆ ಹಾಕಿ. ಟಿ480ನಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ, ಈಗ 8 ಜಿಬಿ ಇದ್ದರೂ ಆಮೇಲೆ ಸೇರಿಸಬಹುದು. ತೆಳ್ಳಗಿರೋ ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರ್ತಾರೆ, ಬದಲಾಯಿಸೋಕೆ ಬರಲ್ಲ. ಅಂಥದ್ದರಲ್ಲಿ 4 ಜಿಬಿ ಮಾತ್ರ ಇದ್ದರೆ, ಪ್ರೊಸೆಸರ್ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.