ಯೊಕೊಹಾಮಾದಲ್ಲೂ ಗುಂಯ್, ಮೈಸೂರಿನಲ್ಲೂ ಗುಂಯ್

"ರೀ, ತಂಬೂರಿ ಶ್ರುತಿ ಸೇರ್ತಾನೇ ಇಲ್ಲ" ಎಂದು ಹೆಂಡತಿ ಹಾಡು ನಿಲ್ಲಿಸಿದಳು. ಅವಳದು ಹಾರ್ಮೋನಿಯಮ್ಮಿನ ಬಿಳಿ ಐದರ ಶ್ರುತಿ. ಎಲೆಕ್ಟ್ರಾನಿಕ್ ತಂಬೂರಿ ಸರಿಯಾಗಿಯೇ ಇತ್ತು. ತಕರಾರು ಇದ್ದದ್ದು ಸ್ಪೀಕರಿನಿಂದ ಬರುತ್ತಿದ್ದ ಗುಂಯ್ ಸದ್ದಿನಲ್ಲಿ. ಫೋನಿನ ಆ್ಯಪ್‌ನಲ್ಲಿ ನೋಡಿದರೆ 100 ಹರ್ಟ್ಜ್, ಅಂದರೆ ಸೆಕೆಂಡಿಗೆ ನೂರು ಕಂಪನ. ತಂಬೂರಿಯ ಮಂದ್ರ ಷಡ್ಜ, ಅಂದರೆ ಕೆಳಗಿನ 'ಸ', 98. ಎರಡೂ ಉಜ್ಜಾಡಿಕೊಂಡು ಸೆಕೆಂಡಿಗೆ ಎರಡು ಸಲ ಅಲೆಯೇಳುತ್ತಿತ್ತು. ಹಾಡುವವಳ ಕಿವಿ ಅದನ್ನು ನನ್ನ ಮೀಟರಿಗಿಂತ ಮೊದಲೇ ಹಿಡಿದಿತ್ತು.

ನಾವಿರುವುದು ಯೊಕೊಹಾಮಾದಲ್ಲಿ. ಮಲಗುವ ಕೋಣೆಯ ಒಂದು ಮೂಲೆಯೇ ನಮ್ಮ ಸ್ಟುಡಿಯೋ. ಜಪಾನಿನಲ್ಲಿ ಕರೆಂಟು 100 ವೋಲ್ಟ್. ಟೋಕಿಯೊ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. 19ನೇ ಶತಮಾನದ ಕೊನೆಯಲ್ಲಿ ಟೋಕಿಯೊದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ. ನಾವು ಒಸಾಕಾದಲ್ಲಿದ್ದಿದ್ದರೆ ಅದೇ ಸ್ಪೀಕರ್ 60ರ ಎರಡರಷ್ಟು, 120ರಲ್ಲಿ ಗುಂಯ್ ಅನ್ನುತ್ತಿತ್ತು, ಹೆಂಡತಿಯ ದೂರು ಬೇರೆ ಇರುತ್ತಿತ್ತು.

ನನ್ನ ಮೊದಲ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಊರಿಂದ ತಂದ ಆಡಿಯೋ ಮಿಕ್ಸರಿನ ಅಡಾಪ್ಟರ್ 230 ವೋಲ್ಟಿನದು, ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಜಾತಿ. ಪಿನ್ ಬದಲಿಸಿ ಸಿಕ್ಕಿಸಿದೆ. ಲೈಟು ಮಂಕಾಗಿ ಹತ್ತಿತು, ಮೈಕ್ ಮಾತ್ರ ಸತ್ತಿತ್ತು. ಲೆಕ್ಕ ಸುಲಭ: ಒಳಗೆ ಹೋಗುವುದೇ ಅರ್ಧಕ್ಕಿಂತ ಕಡಿಮೆ, ಹಾಗಾಗಿ 18 ವೋಲ್ಟ್ ಬರಬೇಕಾದಲ್ಲಿ 8 ಕೂಡ ಇಲ್ಲ. ಮಿಕ್ಸರ್ ಮೈಕಿಗೆ ಕೊಡಬೇಕಾದ 48 ವೋಲ್ಟ್ ಎಲ್ಲಿಂದ ಹುಟ್ಟಬೇಕು? ಇಲ್ಲೇ ಸಿಗುವ ಬೇರೆ ಅಡಾಪ್ಟರ್ ಹಾಕೋಣ ಅಂದರೆ ಇನ್ನೊಂದು ತೊಡಕು. ನಮ್ಮದು ಗೋಡೆಯ ಎಸಿಯನ್ನು, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟನ್ನು, ಎಸಿಯಾಗಿಯೇ ಇಳಿಸಿ ಕೊಡುವಂಥದ್ದು. ತೂತಿಗೆ ಕೂತಿತು ಅಂತ ಒಂದೇ ದಿಕ್ಕಿನ ಕರೆಂಟು ಕೊಡುವ ಡಿಸಿ ಅಡಾಪ್ಟರ್ ಹಾಕಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಕೊನೆಗೆ ವೋಲ್ಟೇಜ್ ಏರಿಸುವ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ತಂದೆ. ಅದನ್ನು ಮೈಕಿನ ವೈರಿನಿಂದ ಒಂದು ಮಾರು ದೂರ ಇಟ್ಟ ಮೇಲೆ ಮಿಕ್ಸರ್ ಸುಮ್ಮನಾಯಿತು.

ಸ್ಪೀಕರಿನ ಸದ್ದು ಮಾತ್ರ ಹೋಗಲಿಲ್ಲ. ಇಲ್ಲಿ ಒಂದೇ ಪರೀಕ್ಷೆ ಸಾಕು. ಕರೆಂಟಿನ ವೈರ್ ಬಿಟ್ಟು ಉಳಿದ ವೈರನ್ನೆಲ್ಲ ಕಿತ್ತುಹಾಕಿ. ಸದ್ದು ನಿಂತರೆ ತಪ್ಪು ಹೊರಗಿದೆ: ಲ್ಯಾಪ್‌ಟಾಪ್ ಚಾರ್ಜರ್ ಇರಬಹುದು, ಎರಡು ದಾರಿಯಲ್ಲಿ ಅರ್ಥ್ ಸೇರಿ ಸುತ್ತು ಬಿದ್ದಿರಬಹುದು. ಸದ್ದು ಹಾಗೇ ಇದ್ದರೆ ಪೆಟ್ಟಿಗೆಯ ಒಳಗೆ. ನಮ್ಮದು ಹಾಗೇ ಇತ್ತು. 50ರ ಕರೆಂಟು ಡಿಸಿ ಆಗುವಾಗ ಏರಿಳಿತ 100 ಆಗುತ್ತದೆ. ಅದನ್ನು ನುಂಗಿಕೊಳ್ಳಬೇಕಾದ ಕೆಪ್ಯಾಸಿಟರ್, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಕಂಡೆನ್ಸರ್, ಒಣಗಿದರೆ ಆ 100 ನೇರ ಕಿವಿಗೆ ಬರುತ್ತದೆ.

ಸರ್ವಿಸ್ ಸೆಂಟರಿಗೆ ಹೊತ್ತೊಯ್ದೆ. ಬಿಡಿಭಾಗ ಇಟ್ಟುಕೊಳ್ಳುವ 8 ವರ್ಷದ ಅವಧಿ ಮುಗಿದಿದೆಯಂತೆ. ಎರಡು ಸಲ ತಲೆಬಾಗಿ ಕ್ಷಮೆ ಕೇಳಿದರು. ಮುಚ್ಚಳವನ್ನೂ ತೆಗೆಯಲಿಲ್ಲ. ಇಷ್ಟು ವಿನಯವಾಗಿ ಯಾರೂ ನನಗೆ ಸಿಟ್ಟು ಬರಿಸಿರಲಿಲ್ಲ.

ನನಗೆ ಊರಿನ ನಮ್ಮ ಬೀದಿಯ ರೇಡಿಯೋ ರಿಪೇರಿಯವರು ನೆನಪಾದರು. ಅವರ ಟೇಬಲ್ ಮೇಲೆ ಒಂದು ಸೀರೀಸ್ ಬಲ್ಬ್ ಸದಾ ಇರುತ್ತಿತ್ತು. ಕೆಟ್ಟ ಆಂಪ್ಲಿಫೈಯರಿಗೆ ಕರೆಂಟು ಆ ಬಲ್ಬಿನ ಮೂಲಕವೇ ಹೋಗಬೇಕು. ಬಲ್ಬು ಝಗ್ಗಂತ ಉರಿದು ನಿಂತರೆ ಒಳಗೆ ಶಾರ್ಟ್. ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು. ಫ್ಯೂಸೂ ಉಳಿಯಿತು, ದುಡ್ಡೂ ಉಳಿಯಿತು. ಈ ಬುದ್ಧಿಯನ್ನು ನಾವು 'ಜುಗಾಡ್' ಅಂತ ನಕ್ಕು ಕೆಳಗಿಡುತ್ತೇವೆ. ನನಗೆ ಈಗ ಹಾಗನಿಸುವುದಿಲ್ಲ. ಅದು ಶುದ್ಧ ವಿದ್ಯೆ.

ಆಮೇಲೆ ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರಾಕ್ಕೆ ಹೋದೆ. ರೈಲು ಹಳಿಯ ಕೆಳಗೆ ಗೂಡಂಗಡಿಗಳು, ಥೇಟ್ ಬೆಂಗಳೂರಿನ ಎಸ್‌ಪಿ ರೋಡ್. ಅಲ್ಲಿ "ಜಪಾನ್ ಮಾಲಾ, ಚೈನಾ ಮಾಲಾ ಸಾರ್?" ಅಂತ ಕೇಳುತ್ತಾರೆ, ಇಲ್ಲಿ ಆ ಪ್ರಶ್ನೆ ಇಲ್ಲ. 105 ಡಿಗ್ರಿ ಬಿಸಿ ತಡೆಯುವ ಎರಡು ಕಂಡೆನ್ಸರಿಗೆ ಎರಡು ಕಾಫಿಯ ದುಡ್ಡೂ ಆಗಲಿಲ್ಲ. ಜಗತ್ತಿಗೆಲ್ಲ ಒಳ್ಳೆಯ ಕಂಡೆನ್ಸರ್ ಮಾಡಿಕೊಡುವ ದೇಶ, ತನ್ನದೇ ಸ್ಪೀಕರಿಗೆ ಒಂದು ಹಾಕಿಕೊಡುವುದಿಲ್ಲ! ಪ್ಲಗ್ ಕಿತ್ತು, ಉಳಿದ ಚಾರ್ಜನ್ನು ರೆಸಿಸ್ಟರ್ ಇಟ್ಟು ಇಳಿಸಿ, ನಾನೇ ಬೆಸುಗೆ ಹಾಕಿದೆ. ಆ ಇಳಿಸುವ ಕೆಲಸ ಬಿಡಬೇಡಿ. ನಮ್ಮೂರಿನ 230ರಲ್ಲಿ ಸ್ವಿಚಿಂಗ್ ಸಪ್ಲೈ (ಈಗಿನ ಹಗುರ ಚಾರ್ಜರ್ ಜಾತಿಯದು) ಒಳಗೆ 325 ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ.

ಇಷ್ಟು ಹೊಗಳಿದ ಮೇಲೆ ನಮ್ಮವರ ಇನ್ನೊಂದು ಮುಖವನ್ನೂ ಹೇಳಬೇಕಲ್ಲ. ಜಪಾನಿನ ಹೆಚ್ಚಿನ ಕೋಣೆಗಳಲ್ಲಿ ಅರ್ಥ್ ಇಲ್ಲ, ಎರಡೇ ಸೀಳು. ಮೂರು ಪಿನ್ನಿನ ಸಾಮಾನಿನ ಜೊತೆ ಹಸಿರು ಬಾಲದ ಒಂದು ಅಡಾಪ್ಟರ್ ಕೊಡುತ್ತಾರೆ. ಆ ಬಾಲವನ್ನು ಕಟ್ಟುವ ಸ್ಕ್ರೂ ಇರುವುದು ವಾಷಿಂಗ್ ಮಷೀನ್ ಹತ್ತಿರ. ಗೋಡೆಯ ಸಾಕೆಟ್ ಬದಲಿಸಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು. ಅನಾನುಕೂಲ, ನಿಜ. ಆದರೆ ಇಲ್ಲ ಅಂದರೆ ಇಲ್ಲ ಅಂತ ಗೋಡೆಯೇ ಹೇಳುತ್ತದೆ. ನಮ್ಮಲ್ಲಿ ಗೋಡೆಯಲ್ಲಿ ಮೂರು ತೂತು, ಮೇಲಿನದಕ್ಕೆ ಪೆನ್ನು ತೂರಿಸಿ ಎರಡು ಪಿನ್ ಸಿಕ್ಕಿಸುತ್ತೇವೆ. ಗುಂಯ್ ಬಂದರೆ ಮೂರನೇ ಪಿನ್ನನ್ನೇ ಮುರಿಯುತ್ತೇವೆ. ಸದ್ದು ಹೋಗಬಹುದು, ಆದರೆ ಒಂದು ದಿನ ಮೈಕ್ ಹಿಡಿದವರ ಜೀವವೂ ಹೋಗಬಹುದು. ಇದರಲ್ಲಿ ನನಗೆ ಸ್ವಲ್ಪವೂ ರಿಯಾಯಿತಿ ಇಲ್ಲ.

ಹೋದ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿದ್ದಾಗ ಅಪ್ಪನ ಗಮಕ ವಾಚನ ರೆಕಾರ್ಡ್ ಮಾಡಲು ಕೂತೆ. ಇಲ್ಲೂ ಗುಂಯ್. ಜೊತೆಗೆ ಮೈಕ್ ಮುಟ್ಟಿದರೆ ಕೈ ಜುಂ ಅನ್ನುತ್ತಿತ್ತು. "ಕರೆಂಟೇ ಸರಿಯಿಲ್ಲ ಕಣೋ, ಸ್ಟೆಬಿಲೈಜರ್ ಹಾಕು" ಎಂದರು ಅಪ್ಪ. ನಾನು ಮೀಟರ್ ಹಿಡಿದು ಸಾಕೆಟ್ಟಿನ ನ್ಯೂಟ್ರಲ್‌ಗೂ ಅರ್ಥ್‌ಗೂ ಇಟ್ಟೆ. ಒಂದೆರಡು ವೋಲ್ಟ್ ಇರಬೇಕಾದಲ್ಲಿ 38. ಅಂದರೆ ಅರ್ಥ್ ನೆಲಕ್ಕೆ ಸರಿಯಾಗಿ ಸೇರುತ್ತಿಲ್ಲ.

ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ಹುಡುಕಿದೆವು. ಅದರ ಚಪ್ಪಡಿಯ ಮೇಲೆ ಅಮ್ಮನ ದಾಸವಾಳದ ಕುಂಡ ಕೂತಿತ್ತು. ಕೆಳಗೆ ಇದ್ದಿಲು, ಉಪ್ಪು ಎಲ್ಲ ಒಣಗಿ ಬೂದಿಯಂತಾಗಿತ್ತು. ಮೂರು ಕೊಡ ನೀರು ಹೊಯ್ದೆ. ಗಂಟೆ ಬಿಟ್ಟು ನೋಡಿದರೆ ಮೀಟರಿನಲ್ಲಿ 3.

"ಏನಾಯ್ತೋ?" ಎಂದರು ಅಪ್ಪ, ಪುಸ್ತಕದಿಂದ ಕಣ್ಣೆತ್ತದೆ.

"ಸದ್ದು ನಿಂತಿತಪ್ಪ."

"ಸರಿ, ಹಾಗೇ ಆ ದಾಸವಾಳಕ್ಕೂ ಒಂದು ಕೊಡ ಹಾಕು."